ನೀರಿಗೊಂದು ಬಾಗಿಲು: ಧಾರವಾಡ ಸೀಮೆಯ ಕೆರೆ-ಒಡ್ಡುಗಳ ಚರಿತ್ರೆ

ಧಾರವಾಡದ ಗುಡ್ಡದ ಸಾಲಿನ ಮೇಲೆ ಬೀಳುವ ಮಳೆಗೆ ಎರಡು ದಾರಿಗಳಿವೆ. ಪಶ್ಚಿಮಕ್ಕೆ ಇಳಿದ ನೀರು ಶಾಲ್ಮಲೆ, ಬೇಡ್ತಿ ಹಳ್ಳಗಳನ್ನು ಸೇರಿ, ಯಲ್ಲಾಪುರದ ಕಾಡು ದಾಟಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ಬೆಣ್ಣಿಹಳ್ಳ, ತುಪ್ಪರಿಹಳ್ಳಗಳಲ್ಲಿ ಹರಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಒಂದೇ ಜಿಲ್ಲೆ, ಒಂದೇ ಮೋಡ. ಆದರೆ ಎರಡು ಕಡೆಯ ನೆಲ ಬೇರೆ. ಪಶ್ಚಿಮದ ಕಲಘಟಗಿಯಲ್ಲಿ ಮಸಾರಿ ಮಣ್ಣು, ಮರಗಿಡ, ಏರಿಳಿತ, ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ. ಪೂರ್ವದ ನವಲಗುಂದ, ಅಣ್ಣಿಗೇರಿಗಳಲ್ಲಿ ಕಣ್ಣು ಹಾಯುವವರೆಗೆ ಎರೆ ಹೊಲ, ನೆರಳಿಗೂ ಹುಡುಕಬೇಕಾದ ಮರ, ಮಳೆಯೋ 600 ಮಿಲಿಮೀಟರಿಗೂ ಕಡಿಮೆ. ಆದ್ದರಿಂದ ಮಣ್ಣಿನಿಂದ ನೀರನ್ನು ಆಳುವ ವಿದ್ಯೆಯೂ ಇಲ್ಲಿ ಎರಡಾಗಿ ಬೆಳೆಯಿತು. ಪಶ್ಚಿಮದಲ್ಲಿ ಕೆರೆ, ಪೂರ್ವದಲ್ಲಿ ಒಡ್ಡು.

ಈ ವಿದ್ಯೆಗೆ ನಮ್ಮ ಚರಿತ್ರೆಯ ಪುಸ್ತಕಗಳು ಕೊಟ್ಟ ಜಾಗ ಬಹಳ ಕಡಿಮೆ. ಕೋಟೆ ಕಟ್ಟಿದವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಹೊಲದ ಇಳಿಜಾರನ್ನು ಕಣ್ಣಲ್ಲೇ ಅಳೆದು, ಯಾವ ಜಾಗದಲ್ಲಿ ಎಷ್ಟು ಮಣ್ಣು ಹಾಕಬೇಕೆಂದು ನಿರ್ಧರಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಕೋಟೆಗಳು ಪಾಳುಬಿದ್ದ ಮೇಲೂ ಈ ಮಣ್ಣಿನ ಕೆಲಸಗಳು ಅನ್ನ ಕೊಡುತ್ತ ಬಂದಿವೆ.

ಕಲಘಟಗಿ ತಾಲ್ಲೂಕಿನ ತಂಬೂರ ಹೆಚ್ಚಿನವರಿಗೆ ಗೊತ್ತಿರುವುದು ಅಲ್ಲಿಯ ಬಸವಣ್ಣನ ಗುಡಿಯಿಂದ. ದೇವಿಕೊಪ್ಪದ ಕಾಡು ಅಲ್ಲಿಗೆ ಸಮೀಪ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಈ ಸೆರಗಿನಲ್ಲಿ ಕೆರೆಯಿಲ್ಲದ ಊರು ಅಪರೂಪ. ಎರಡು ದಿನ್ನೆಗಳ ನಡುವಿನ ತಗ್ಗನ್ನು ಆರಿಸಿ, ಅಡ್ಡಲಾಗಿ ಮಣ್ಣಿನ ಏರಿ ಹಾಕಿದರೆ ಹಿಂದೆ ನೀರು ನಿಲ್ಲುತ್ತದೆ. ಕೇಳಲು ಸರಳ. ಇಲ್ಲಿ ಭತ್ತ ಬೆಳೆಯುವ ರೈತರು ಮಳೆ ಬಿದ್ದೊಡನೆ ಕೂರಿಗೆಯಿಂದ ಬಿತ್ತಿಬಿಡುತ್ತಾರೆ. ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಮಾತ್ರ ಕೆರೆಯ ನೀರು ಬೇಕು. ಎಂದರೆ ಈ ಭಾಗದ ಕೆರೆ ವರ್ಷವಿಡೀ ನೀರುಣಿಸುವ ಕಾಲುವೆಯಂಥದ್ದಲ್ಲ, ಕಷ್ಟಕಾಲಕ್ಕೆಂದು ಎತ್ತಿಟ್ಟ ಗಂಟು. ಎರಡು ಸಲ ನೀರು ಬಿಟ್ಟರೆ ಒಂದು ಊರಿನ ವರ್ಷದ ಊಟ ಉಳಿಯುತ್ತಿತ್ತು.

ಆ ಗಂಟನ್ನು ಕಟ್ಟುವ ಕೆಲಸ ಮಾತ್ರ ಸರಳವಲ್ಲ. ಮೊದಲು ಏರಿಯ ಉದ್ದಕ್ಕೂ ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಬೇಕು. ಇಲ್ಲದಿದ್ದರೆ ನೀರು ಏರಿಯ ಅಡಿಯಿಂದಲೇ ನುಸುಳಿ ಹೋಗುತ್ತದೆ. ಆ ಕಂದಕದಲ್ಲಿ ಜೇಡಿಮಣ್ಣನ್ನು ತುಳಿದು ತುಂಬಿ, ಅದನ್ನೇ ನಡುಗೋಡೆಯಾಗಿ ಮೇಲಕ್ಕೆ ಎಬ್ಬಿಸಬೇಕು. ಅದರ ಎರಡೂ ಬದಿಗೆ ಸಾಧಾರಣ ಮಣ್ಣು. ಅದನ್ನೂ ಒಮ್ಮೆಲೇ ಸುರಿಯುವಂತಿಲ್ಲ. ಗೇಣಿಗಿಂತ ದಪ್ಪವಿಲ್ಲದ ಪದರ ಹಾಕಿ, ನೀರು ಚಿಮುಕಿಸಿ, ದನಕುರಿಗಳನ್ನು ಮೇಲೆ ಓಡಾಡಿಸಿ ಬಿಗಿ ಮಾಡಿ, ಆಮೇಲೆ ಇನ್ನೊಂದು ಪದರ. ಎತ್ತರದ ನಾಲ್ಕೈದು ಪಟ್ಟು ಅಗಲದ ಬುಡವಿಲ್ಲದೆ ಮಣ್ಣು ನಿಲ್ಲದು. ನೀರಿನ ಕಡೆಯ ಮೈಗೆ ಅಲೆ ಬಡಿಯದಂತೆ ಕಲ್ಲು ಹೊದಿಸಬೇಕು, ಆಚೆಯ ಮೈಗೆ ಹುಲ್ಲು ಬೆಳೆಯಬೇಕು. ಹೊಲಕ್ಕೆ ನೀರು ಬಿಡಲು ಕಲ್ಲಿನ ತೂಬು. ಮಣ್ಣನ್ನು ಕೆರೆಯ ಒಳಗಿಂದ ತೆಗೆಯಬೇಕು, ಆದರೆ ಏರಿಯ ಬುಡದ ಹತ್ತಿರದಿಂದ ಅಲ್ಲ.

ಇದೆಲ್ಲ ಸರಿಯಾಗಿದ್ದೂ ಕೆರೆ ಒಡೆಯಬಹುದು. ತಂಬೂರಿನ ಕಡೆ ತಿರುಗಾಡುತ್ತಿದ್ದಾಗ ಏರಿಯ ಮೇಲೆ ದನ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು, "ಅಜ್ಜಾರ, ಈ ಏರಿ ಎಷ್ಟು ಎತ್ತರ ಇರಬಹುದು?" ಎಂದು ಕೇಳಿದೆ. ಅವರು ನಕ್ಕರು. "ಏರಿ ಎಷ್ಟು ಎತ್ತರ ಐತಿ ಅಂತ ಏನ್ ಕೇಳ್ತೀರಿ ಸಾಬ್ರ? ಕೋಡಿ ಎಷ್ಟು ತಗ್ಗಿನ್ಯಾಗ ಐತಿ ಅದನ್ನ ಕೇಳ್ರಿ. ಬಾಗಲಾ ಇಡದ ಮನಿ ಕಟ್ಟಿದ್ರ ಒಳಗಿದ್ದಾಂವ ಗ್ವಾಡಿ ಒಡಕೊಂಡ ಹೊರಗ ಬರ್ತಾನ. ನೀರೂ ಹಂಗ."

ಕೆರೆಯ ಎಂಜಿನಿಯರಿಂಗಿನ ಅರ್ಧ ಈ ಮಾತಿನಲ್ಲಿದೆ. ಕೋಡಿ ಎಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹೋಗುವ ದಾರಿ. ಏರಿಯ ತಲೆಗಿಂತ ಸಾಕಷ್ಟು ಕೆಳಗೆ, ಏರಿಯ ಮಣ್ಣನ್ನು ಮುಟ್ಟದಂತೆ, ಪಕ್ಕದ ಗಟ್ಟಿ ನೆಲದಲ್ಲಿ ಅಥವಾ ಕಲ್ಲಿನಲ್ಲಿ ಅದು ಇರಬೇಕು. ಮಣ್ಣಿನ ಏರಿಯ ಮೇಲಿಂದ ಒಮ್ಮೆ ನೀರು ಉಕ್ಕಿತೆಂದರೆ ಕೆಲವೇ ತಾಸುಗಳಲ್ಲಿ ಏರಿ ಕೊರೆದುಹೋಗುತ್ತದೆ. ಇನ್ನೂ ಒಂದು ಮಾತಿದೆ. ಒಂದು ಕೆರೆಯ ಕೋಡಿ ನೀರು ವ್ಯರ್ಥವಾಗುವುದಿಲ್ಲ, ಅದು ಕೆಳಗಿನ ಊರಿನ ಕೆರೆಗೆ ಬರುವ ಆದಾಯ. ಹೀಗೆ ಒಂದರ ಕೆಳಗೊಂದು ಪೋಣಿಸಿದಂತೆ ಕೆರೆಗಳ ಸರಣಿ. ಮೇಲಿನ ಊರಿನವರು ಕೋಡಿಗೆ ನಾಲ್ಕು ಕಲ್ಲು ಏರಿಸಿದರೆ ಕೆಳಗಿನ ಊರಿನ ಕೆರೆ ಒಣಗುತ್ತದೆ. ಮೇಲಿನ ಕೆರೆ ಒಡೆದರೆ ಕೆಳಗಿನ ಕೆರೆಗಳೆಲ್ಲ ಒಂದೇ ರಾತ್ರಿಯಲ್ಲಿ ಒಡೆಯುತ್ತವೆ. ಕೋಡಿಯ ಕಲ್ಲು ಹೀಗೆ ಊರೂರುಗಳ ನಡುವಿನ ಒಪ್ಪಂದವೂ ಹೌದು.

ಇದು ಎಷ್ಟು ಹಳೆಯದು? ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವೇ ಕೆರೆಗೆ ಸಂಬಂಧಿಸಿದ್ದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನದಲ್ಲೂ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಪ್ರಸ್ತಾಪವಿದೆ. ಹದಿನೈದು ಶತಮಾನಗಳಿಗಿಂತ ಹಿಂದಿನ ಮಾತಿದು. ಆನಂತರದ ಕನ್ನಡ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೂ ಕಾಪಾಡಿದವರಿಗೂ ಬಿಟ್ಟ ಭೂಮಿಗೆಂದೇ ಶಬ್ದಗಳಿವೆ: ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ. ಕೆರೆಯನ್ನು ಕಟ್ಟಿಸಿದರೆ ಸಾಲದು, ಅದರ ದುರಸ್ತಿಗೆ ಪ್ರತಿವರ್ಷ ಹಣ ಹುಟ್ಟುವಂತೆ ವ್ಯವಸ್ಥೆ ಮಾಡಿಡಬೇಕೆಂಬ ತಿಳುವಳಿಕೆ ಈ ಶಬ್ದಗಳ ಹಿಂದಿದೆ.

ಕೆರೆಯ ವಿನ್ಯಾಸವನ್ನು ಅಕ್ಷರದಲ್ಲಿ ಬರೆದಿಟ್ಟ ಅಪರೂಪದ ದಾಖಲೆ ಇರುವುದು ಈಗಿನ ಆಂಧ್ರದ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನ ಅದು. ಈ ರಾಜಕುಮಾರನಿಗೆ ಭವದೂರ ಎಂಬ ಇನ್ನೊಂದು ಹೆಸರಿತ್ತು. ಉರ್ದು ಬಲ್ಲ ಕಿವಿಗೆ ಅದರಲ್ಲಿ 'ಬಹಾದ್ದೂರ್' ಕೇಳಿಸದೇ ಇರದು. ಒಂದು ಸಾವಿರ ಕೂಲಿಗಳು ದಿನವೂ ದುಡಿದರು, ಕಲ್ಲು ಸಾಗಿಸಲು ನೂರು ಬಂಡಿಗಳಿದ್ದವು, ಕೆಲಸಕ್ಕೆ ಎರಡು ವರ್ಷ ಹಿಡಿಯಿತು ಎಂದು ಲೆಕ್ಕ ಕೊಡುವ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಅಂಗಗಳಲ್ಲಿ ಧರ್ಮಿಷ್ಠ ರಾಜನಿದ್ದಾನೆ, ಜಲಶಾಸ್ತ್ರ ಬಲ್ಲ ಪಂಡಿತನಿದ್ದಾನೆ, ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ಹತ್ತಿರದಲ್ಲೇ ಕಲ್ಲುಗಣಿ ಎಲ್ಲ ಇವೆ. ಪಟ್ಟಿಯ ತುದಿಯಲ್ಲಿ, ಕಟ್ಟುವ ಕಸುಬು ಬಲ್ಲ ಜನರ ಗುಂಪು. ರಾಜನಿಂದ ಶುರುವಾದದ್ದು ಕೂಲಿಯವನಿಗೆ ಬಂದು ಮುಗಿಯುತ್ತದೆ. ಕೊನೆಯಲ್ಲಾದರೂ ಅವನನ್ನು ಲೆಕ್ಕಕ್ಕೆ ಹಿಡಿದರಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಕು.

ದೋಷಗಳ ಪಟ್ಟಿ ನನಗೆ ಅದಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಏರಿ ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು, ಕೆರೆಯಂಗಳದ ನಡುವೆ ದಿಬ್ಬ ಇರುವುದು, ನೆಲ ವಿಸ್ತಾರವಾಗಿದ್ದು ಬರುವ ನೀರು ಕಡಿಮೆಯಾಗಿರುವುದು, ನೀರು ಹೆಚ್ಚಿದ್ದು ನೆಲ ಸಾಲದಿರುವುದು. ಮಹಾದಾಯಿಯ ನೀರಿಗಾಗಿ ಎರಡು ರಾಜ್ಯಗಳ ಗಡಿಯಲ್ಲಿ ದಶಕಗಳ ಕಾಲ ಕಾದಿರುವ ನವಲಗುಂದ, ನರಗುಂದದ ರೈತರಿಗೆ ಮೂರನೆಯ ದೋಷವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಐದನೆಯ ದೋಷವನ್ನು ಓದಿದಾಗ ನನಗೆ ನೆನಪಾದದ್ದು 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಡಬೇಕೆಂಬ ಉತ್ತರ ಬರುತ್ತದೆ. ನಮ್ಮ ವಿಮರ್ಶಕರು ಈ ಕಥೆಯ ತ್ಯಾಗದ ಬಗ್ಗೆ, ಕ್ರೌರ್ಯದ ಬಗ್ಗೆ ಬಹಳ ಬರೆದಿದ್ದಾರೆ. ಕಥೆ ಬರೆಯುವವನಾಗಿ ನನಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ನೀರು ಬಾರದ ಕೆರೆ ಎಂದರೆ ಜಾಗ ತಪ್ಪಿದ ಕೆರೆ. ಮೇಲಿನ ಇಳಿಜಾರಿನಿಂದ ಎಷ್ಟು ನೀರು ಇಳಿದುಬರುತ್ತದೆ ಎಂದು ನೋಡದೆ ಗೌಡ ಕಟ್ಟಿಸಿದ್ದಾನೆ. ಲೆಕ್ಕ ತಪ್ಪಿದ್ದು ಗೌಡನದು, ಸಾಲ ತೀರಿಸಿದ್ದು ಮನೆಯ ಕಿರಿಸೊಸೆ. ಹೊತ್ತಿಗೆ ತೆಗೆಯುವ ಬದಲು ಮಣ್ಣು ಹೊತ್ತವರನ್ನು ಕೇಳಿದ್ದರೆ ಅವರು ಇಳಿಜಾರನ್ನು ತೋರಿಸುತ್ತಿದ್ದರು.

ಮಣ್ಣು ಹೊತ್ತವರು ಯಾರು? ಈ ಸೀಮೆಯಲ್ಲಿ ಹೆಚ್ಚಾಗಿ ಮಣ್ಣು ವಡ್ಡರು. ಒಡ್ಡು ಹಾಕುವವರಾದ್ದರಿಂದ ಒಡ್ಡರು ಎಂದು ಜನ ಹೇಳುತ್ತಾರೆ. ಒಡ್ರ ದೇಶದಿಂದ ಬಂದವರಾದ್ದರಿಂದ ಆ ಹೆಸರು ಎನ್ನುವವರೂ ಇದ್ದಾರೆ. ಗಂಡಸರು ಅಗೆಯುವುದು, ಹೆಂಗಸರು ಬುಟ್ಟಿಯಲ್ಲಿ ಹೊತ್ತು ಸುರಿಯುವುದು. ಕೂಲಿ ದಿನದ ಲೆಕ್ಕದಲ್ಲಲ್ಲ, ಅಗೆದ ಗುಂಡಿಯ ಅಳತೆಯಲ್ಲಿ. ಗುಂಡಿಯ ನಡುವೆ ಹಳೆಯ ನೆಲದ ಎತ್ತರ ತೋರಿಸಲು ಒಂದು ಮಣ್ಣಿನ ಕಂಬವನ್ನು ಅಗೆಯದೇ ಬಿಡುತ್ತಾರೆ. ಅಳತೆ ಮುಗಿದು ದುಡ್ಡು ಕೈಸೇರುವವರೆಗೆ ಆ ಕಂಬವೇ ಅವರ ಸಾಕ್ಷಿ. ನೂರು ಘನ ಅಡಿಗೆ ಒಂದು ಬ್ರಾಸ್. ಓದುಬರಹ ಬಾರದವರು ಮಾಡುತ್ತಿದ್ದ ಈ ಲೆಕ್ಕ ಗುತ್ತಿಗೆದಾರನ ಪುಸ್ತಕದ ಲೆಕ್ಕಕ್ಕಿಂತ ಸಾಚಾ ಆಗಿರುತ್ತಿತ್ತು. ಒಂದು ಏರಿಗೆ ಎಷ್ಟು ಬ್ರಾಸ್ ಮಣ್ಣು ಬೇಕೆಂದು ತಲೆಯಲ್ಲೇ ಹೇಳಬಲ್ಲವರಿಗೆ ಆ ಏರಿಯ ನೀರುಣ್ಣುವ ಒಂದು ಗುಂಟೆ ಹೊಲವೂ ಇರುತ್ತಿದ್ದದ್ದು ಕಡಿಮೆ. ಕೆರೆ ಕಟ್ಟಿ ಮುಗಿದ ಮೇಲೆ ಕತ್ತೆಗಳ ಮೇಲೆ ಸಾಮಾನು ಹೇರಿ ಮುಂದಿನ ಊರು.

ಇಲ್ಲಿ ಶಬ್ದಗಳ ಬಗ್ಗೆ ಒಂದು ಮಾತು. ಸರಕಾರಿ ಕಾಗದಗಳಲ್ಲಿ ಒಡ್ಡಿಗೆ 'ಬಂಡ್' ಎಂದೂ ಒಡ್ಡು ಹಾಕುವುದಕ್ಕೆ 'ಬಂಡಿಂಗ್' ಎಂದೂ ಬರೆಯುತ್ತಾರೆ. ಇದನ್ನು ಇಂಗ್ಲಿಷಿನ ಪದವೆಂದೇ ಎಲ್ಲರೂ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಫಾರ್ಸಿಯ 'ಬಂದ್', ಕಟ್ಟು ಎಂಬರ್ಥದ್ದು. ಬಾಗಿಲು ಬಂದ್, ಅಂಗಡಿ ಬಂದ್ ಎನ್ನುವುದೂ ಅದೇ. ಉರ್ದುವಿನ ಬಾಯಿಂದ ಇಂಗ್ಲಿಷರ ಕಿವಿಗೆ ಬಿದ್ದು, ಅವರ ಕಚೇರಿಯ ಮೊಹರು ಹೊತ್ತು, ನಮ್ಮ ಹಳ್ಳಿಗೇ ಪರದೇಶಿಯಂತೆ ಮರಳಿ ಬಂತು. ಹಳ್ಳಕ್ಕೆ ಅಡ್ಡ ಕಟ್ಟುವ 'ಬಾಂದಾರ'ವೂ ಇದರ ದಾಯಾದಿ. ಸವಣೂರಿನ ನವಾಬರ ಊರಿನಲ್ಲಿ ಕೆರೆಗೆ 'ಮೋತಿ ತಲಾಬ್' ಎಂಬ ಹೆಸರು. ವಿಜಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ, ಪಟ್ಟಣಕ್ಕೆ ನೀರುಣಿಸಲು ಕಟ್ಟಿದ್ದು ಬೇಗಂ ತಲಾಬ್. ಕೆರೆಯೆಂದರೂ ತಲಾಬ್ ಎಂದರೂ ಏರಿಯ ಮಣ್ಣಿಗೆ ಬೇಕಾದದ್ದು ಅದೇ ಜೇಡಿ, ಅದೇ ಕೋಡಿ.

ಕೋಡಿಯ ಮಹತ್ವ ತಿಳಿಯಲು ಇನ್ನೂ ದೂರದ ಒಂದು ಉದಾಹರಣೆ ನೋಡಬಹುದು. ಯಮನ್ ದೇಶದ ಮಆರಿಬ್ ಅಣೆಕಟ್ಟು ಕುರ್‌ಆನಿನ ಸಬಅ್ ಅಧ್ಯಾಯದ ಓದುಗರಿಗೆ ಪರಿಚಿತ. ಎರಡು ತೋಟಗಳ ಆ ನಾಡು ಕಟ್ಟೆಯೊಡೆದ ಪ್ರವಾಹದಿಂದ ಹಾಳಾದದ್ದನ್ನು ಅಲ್ಲಿ ಹೇಳಲಾಗಿದೆ. ಪುರಾತತ್ತ್ವಜ್ಞರು ನೋಡಿದಾಗ ಆ ಕಟ್ಟೆಯ ಮೈಯೆಲ್ಲ ಮಣ್ಣು, ಉದ್ದ ಸುಮಾರು 600 ಮೀಟರು. ಕಲ್ಲಿನಲ್ಲಿ ಭದ್ರವಾಗಿ ಕಟ್ಟಿದ್ದು ಎರಡು ತುದಿಗಳ ಬಾಗಿಲುಗಳನ್ನು ಮಾತ್ರ. ಮಣ್ಣಿನ ಮೈ ಮಾಯವಾದರೂ ಆ ಬಾಗಿಲುಗಳು ಇಂದಿಗೂ ನಿಂತಿವೆ. ಅದರ ಮುಖ್ಯ ಕೆಲಸ ವರ್ಷವಿಡೀ ನೀರು ಕೂಡಿಡುವುದಾಗಿರಲಿಲ್ಲ. ಮರಳುಗಾಡಿನ ಹಠಾತ್ ಪ್ರವಾಹವನ್ನು ತಡೆದು ಎತ್ತರಿಸಿ, ಎಡಬಲದ ಎರಡು ಬಾಗಿಲುಗಳಿಂದ ತೋಟಗಳಿಗೆ ಹಂಚುವುದಾಗಿತ್ತು. ಪ್ರತಿ ಪ್ರವಾಹವೂ ಹೂಳು ತಂದು ಹೊಲದ ಮಟ್ಟ ಏರಿಸುತ್ತಿತ್ತು. ಹೊಲ ಏರಿದಂತೆ ಕಟ್ಟೆಯನ್ನೂ ಏರಿಸಬೇಕಾಗುತ್ತಿತ್ತು. ಆರನೆಯ ಶತಮಾನದ ನಡುವಿನಲ್ಲಿ ಅಬ್ರಹ ಅದನ್ನು ದುರಸ್ತಿ ಮಾಡಿಸಿದ ಶಾಸನ ಸಿಕ್ಕಿದೆ. ಅದೇ ಶತಮಾನದ ಕೊನೆಯ ಭಾಗದಲ್ಲಿ ಅದು ಕಡೆಯ ಬಾರಿ ಒಡೆಯಿತು, ಮತ್ತೆ ಕಟ್ಟುವ ಶಕ್ತಿ ಆ ಸಮಾಜಕ್ಕೆ ಉಳಿದಿರಲಿಲ್ಲ. ಮಣ್ಣಿನ ಕಟ್ಟೆ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಪ್ರತಿವರ್ಷ ಅದಕ್ಕೆ ಕೈ ಹಾಕುವ ಜನ ಬೇಕು.

ಆ ಕೈ ತಪ್ಪಿಹೋದದ್ದು ನಮ್ಮಲ್ಲಿ ಹೇಗೆ? ಧಾರವಾಡ 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಭೂಮಾಪನ ನಡೆಯಿತು. ಹೊಲಗಳಿಗೆ ನಂಬರ್ ಬಂತು, ಗಡಿಗೆ ಕಲ್ಲು ಬಿತ್ತು, ಹೊಲಕ್ಕಿಷ್ಟು ಎಂದು ಕಂದಾಯ ನಿಗದಿಯಾಯಿತು. ರೈತನಿಗೆ ಹಕ್ಕಿನ ಕಾಗದ ಸಿಕ್ಕಿತೆಂಬುದು ನಿಜ. ಆದರೆ ನೀರಿನ ದೃಷ್ಟಿಯಿಂದ ಒಂದು ಎಡವಟ್ಟಾಯಿತು. ಸರ್ವೆಯ ಗೆರೆ ನೇರ ಓಡುತ್ತದೆ, ನೀರಿನ ಗೆರೆ ಬಳುಕಿ ಓಡುತ್ತದೆ. ಹೊಲದ ಹದ್ದು ಬಿಗಿಯಾದಂತೆ ಹದ್ದು ದಾಟಿ ಹರಿಯುವ ನೀರಿಗೆ ಯಜಮಾನ ಇಲ್ಲದಾಯಿತು. ಕೆರೆಯ ದುರಸ್ತಿಗೆಂದು ಬಿಟ್ಟಿದ್ದ ಭೂಮಿಗಳು ಒಂದೊಂದಾಗಿ ಕಂದಾಯದ ಲೆಕ್ಕದಲ್ಲಿ ಕರಗಿದವು. ಊರವರ ಕೆರೆ ಸರಕಾರದ ಕೆರೆಯಾಯಿತು. 1876ರಿಂದ 78ರವರೆಗಿನ ಮಹಾ ಬರದಲ್ಲಿ ಹಸಿದವರನ್ನು ಕೆರೆ, ರಸ್ತೆಗಳ ಕೂಲಿಗೆ ಹಚ್ಚಿದರು. ಬರ ಮುಗಿದ ಮೇಲೆ ಮುಂದಿನ ಮಳೆಗೆ ಏರಿಯ ಬಿರುಕು ಮುಚ್ಚಲು ಮಾತ್ರ ಅರ್ಜಿ ಬರೆಯಬೇಕಾದ ಕಾಲ ಬಂತು.

ಇನ್ನು ಪೂರ್ವದ ಎರೆ ಸೀಮೆಗೆ ಬರೋಣ. ಇಲ್ಲಿನ ಕಥೆ ಹೆಚ್ಚು ಸೂಕ್ಷ್ಮವಾದದ್ದು. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆ ಆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಮುಂದಿನ ನೀರು ಇಂಗುವುದು ಬಹಳ ನಿಧಾನ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವುದು ಆಕಾಶದ ಮಳೆಗಿಂತ ನೆಲದೊಳಗೆ ಕೂಡಿಟ್ಟ ಹಸಿಯನ್ನು ನಂಬಿ. ಇಲ್ಲಿ ಹೊಲವೇ ಕೆರೆ. ಆದ್ದರಿಂದ ರೈತ ಹೊಲದ ಕೆಳಬದಿಗೆ ಒಡ್ಡು ಹಾಕಿ ನೀರಿನ ಓಟ ತಗ್ಗಿಸುತ್ತಿದ್ದ. ಒಡ್ಡಿನ ಒಂದು ಕಡೆ, ನೀರು ಸಹಜವಾಗಿ ಸೇರುವ ತಗ್ಗಿನಲ್ಲಿ, ಗುಂಡುಕಲ್ಲುಗಳನ್ನು ಪೇರಿಸಿ ಹೊರದಾರಿ ಮಾಡುತ್ತಿದ್ದ. ಇದಕ್ಕೆ ಗುಂಡಾವರ್ತಿ ಎನ್ನುತ್ತಾರೆ. ನೀರು ಕಲ್ಲುಗಳ ಸಂದಿಯಿಂದ, ಮೇಲಿಂದ ಸೋಸಿ ಹೋಗುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಹೂಳು ಕಲ್ಲಿನ ಮಟ್ಟಕ್ಕೆ ಬಂದಾಗ ಮೇಲೊಂದು ಸಾಲು ಕಲ್ಲು. ಇಳಿಜಾರು ಹೊಲ ಒಂದೆರಡು ತಲೆಮಾರಿನಲ್ಲಿ ಮಟ್ಟವಾಗುತ್ತದೆ. ಅಪ್ಪ ಇಟ್ಟ ಕಲ್ಲಿನ ಮೇಲೆ ಮಗ ಕಲ್ಲಿಡುವ ಈ ವಿನ್ಯಾಸಕ್ಕೆ ನಕ್ಷೆಯಿಲ್ಲ, ಅಂದಾಜುಪಟ್ಟಿಯಿಲ್ಲ. ಕೆರೆಯ ಕೋಡಿಯೇ ಇಲ್ಲಿ ಚಿಕ್ಕದಾಗಿ ಹೊಲಕ್ಕೆ ಬಂದಿದೆ.

1930ರ ದಶಕದಲ್ಲಿ ವಿಜಾಪುರ, ಸೊಲ್ಲಾಪುರಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಬಂದವು. 1942ರಲ್ಲಿ ಮುಂಬಯಿ ಸರಕಾರ ಭೂಸುಧಾರಣೆಯ ಕಾಯ್ದೆ ಮಾಡಿತು. ಸಮಪಾತಳಿ ಗೆರೆಗುಂಟ ಹೊಲಗಳಲ್ಲಿ ಬದು ಹಾಕುವ ದೊಡ್ಡ ಕಾರ್ಯಕ್ರಮ ಆಗ ಮುಂಬಯಿ ಕರ್ನಾಟಕದ ಒಣಸೀಮೆಗೆ ಬಂತು, 1956ರ ಏಕೀಕರಣದ ನಂತರವೂ ಮುಂದುವರಿಯಿತು. ಉದ್ದೇಶ ಒಳ್ಳೆಯದೇ. ತತ್ತ್ವವೂ ಸರಿ: ಒಂದೇ ಎತ್ತರದ ಗೆರೆಯ ಮೇಲೆ ಬದು ಹಾಕಿದರೆ ನೀರು ಎತ್ತಲೂ ಓಡದೆ ನಿಂತು ಇಂಗುತ್ತದೆ. ಮಸಾರಿ ಮಣ್ಣಿನಲ್ಲಿ ಹಾಗೆಯೇ ಆಯಿತು. ಆಳವಾದ ಎರೆಯಲ್ಲಿ ಮಾತ್ರ ನಿಂತ ನೀರು ಇಂಗಲಿಲ್ಲ. ಬದುವಿನ ಹಿಂದೆ ವಾರಗಟ್ಟಲೆ ನಿಂತು ಬೆಳೆ ಕೊಳೆಯಿತು, ಬಿತ್ತನೆ ತಡವಾಯಿತು. ಬೇಸಿಗೆಯಲ್ಲಿ ಬದುವೇ ಬಿರುಕು ಬಿಟ್ಟು, ಮುಂದಿನ ಮಳೆಗೆ ಆ ಬಿರುಕಿನಿಂದಲೇ ಕೊಚ್ಚಿಹೋಯಿತು. ಬಳುಕುವ ಬದು ನೇರ ಹೊಲವನ್ನು ಸೀಳಿದ್ದರಿಂದ ಒಬ್ಬನ ಹೊಲದ ಮೂಲೆ ಬದುವಿನ ಆಚೆ ಉಳಿಯಿತು. ರಂಟೆ ಹೊಡೆಯುವಾಗ ಎತ್ತು ತಿರುಗಿಸಲೂ ಜಾಗವಿಲ್ಲ. ರೈತರು ವರ್ಷಕ್ಕಿಷ್ಟು ಎಂದು ಬದುವನ್ನು ಉತ್ತು ಕರಗಿಸಿದರು. ಅಧಿಕಾರಿಗಳು ಇದನ್ನು ರೈತರ ಅಜ್ಞಾನವೆಂದು ಬರೆದರು. ಒಡ್ಡಿಗೆ ಬಾಯಿ ಬೇಕೆಂಬುದು ಗೊತ್ತಿದ್ದವರನ್ನು, ಬಾಯಿಲ್ಲದ ಒಡ್ಡು ಹಾಕಿಸಿದವರು ಅಜ್ಞಾನಿಗಳೆಂದರು!

ವಿಜ್ಞಾನದ ಬಗ್ಗೆ ನ್ಯಾಯವಾಗಿ ಮಾತಾಡಬೇಕೆಂದರೆ, ಈ ಪಾಠವನ್ನು ಅದು ಕಲಿತುಕೊಂಡಿತು. ಬಳ್ಳಾರಿಯಲ್ಲಿ 1954ರಲ್ಲಿ ಆರಂಭವಾದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಎರೆ ಮಣ್ಣಿನಲ್ಲಿ ಪ್ರಯೋಗ ಮಾಡಿ, ಇಲ್ಲಿಗೆ ಸಮಪಾತಳಿ ಬದು ಒಗ್ಗದು, ನೀರು ನಿಧಾನವಾಗಿ ಹೊರಗೆ ಸಾಗುವಂತೆ ಸ್ವಲ್ಪ ಇಳಿಜಾರು ಕೊಟ್ಟ ಬದು ಬೇಕು ಎಂದು ಹೇಳಿತು. ಹೊಲದೊಳಗೆ ಸಣ್ಣ ಸಣ್ಣ ಚೌಕು ಮಡಿ ಮಾಡಿ ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯುವ ಪದ್ಧತಿ ವಿಜಾಪುರದ ಕಡೆ ಶಿಫಾರಸಾಯಿತು.

ಅಷ್ಟರಲ್ಲಿ ಮಲಪ್ರಭೆಯ ಕಾಲುವೆ ಬಂತು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ 1970ರ ದಶಕದಲ್ಲಿ ನವಲಗುಂದದ ಹೊಲಗಳಿಗೆ ನೀರು ಹರಿಯತೊಡಗಿದಾಗ ಒಡ್ಡಿನ ಚಿಂತೆ ಯಾರಿಗೂ ಬೇಡವಾಯಿತು. ಕಾಲುವೆಯ ನೀರು ಎಲ್ಲರಿಗೂ ಸರಿಯಾಗಿ ತಲುಪಲಿಲ್ಲ, ತಲುಪಿದ ಕಡೆ ಬಸಿದು ಹೋಗಲು ದಾರಿಯಿಲ್ಲದೆ ಹಲವು ಹೊಲಗಳು ಸವಳು-ಜವಳಾದವು. ಅದರ ಮೇಲೆ ಅಭಿವೃದ್ಧಿ ಕರ, ನೀರಿನ ಕರ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ನಡೆದ ರೈತಬಂಡಾಯ, ಗೋಲಿಬಾರು, ಸಾವು ಕರ್ನಾಟಕದ ರಾಜಕೀಯವನ್ನೇ ಬದಲಿಸಿತು. ಆ ಹೋರಾಟವನ್ನು ಕರದ ವಿರುದ್ಧದ ಹೋರಾಟವೆಂದು ನೆನೆಯುತ್ತೇವೆ. ಅದರ ಬುಡದಲ್ಲಿ, ನೀರು ಒಳಬರುವ ದಾರಿಯನ್ನು ಮಾತ್ರ ಯೋಚಿಸಿ ಹೊರಹೋಗುವ ದಾರಿ ಮರೆತ ಯೋಜನೆಯೂ ಇತ್ತು. ಪೋರುಮಾಮಿಳ್ಳದ ಎರಡನೆಯ ದೋಷ ಸವಳು ನೆಲ. ಅಲ್ಲಿ ಅದು ಕಟ್ಟುವ ಮೊದಲೇ ನೋಡಿಕೊಳ್ಳಬೇಕಾದದ್ದು, ಇಲ್ಲಿ ನಾವು ಕಟ್ಟಿದ ಮೇಲೆ ತಂದುಕೊಂಡೆವು.

ಒಡ್ಡು ಮರೆತದ್ದರ ಇನ್ನೊಂದು ಫಲವನ್ನು ಬೆಣ್ಣಿಹಳ್ಳದ ದಂಡೆಯ ಊರುಗಳು ಉಣ್ಣುತ್ತಿವೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಹೊಲ-ಮನೆಗಳಿಗೆ ನುಗ್ಗಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ನೆರೆ, ಬರ ಎರಡಕ್ಕೂ ಪರಿಹಾರದ ಅರ್ಜಿ ಬರೆದ ರೈತರು ಇಲ್ಲಿದ್ದಾರೆ. ಒಡ್ಡು ಕರಗಿದ ಹೊಲದಿಂದ ಮಳೆ ಒಂದೇ ಓಟದಲ್ಲಿ ಹಳ್ಳ ಸೇರುತ್ತದೆ. ಹಳ್ಳದಲ್ಲಿ ಹೂಳು, ಜಾಲಿ. ಮೇಲೆ ನಿಲ್ಲಬೇಕಾದ ನೀರು ಕೆಳಗೆ ನಿಲ್ಲುತ್ತದೆ.

ಎಲ್ಲವೂ ಕೆಟ್ಟಿದೆ ಎನ್ನುವುದು ನನ್ನ ಅಭಿಪ್ರಾಯವಲ್ಲ. ತಂಬೂರಿನ ತಾಲ್ಲೂಕಿನಲ್ಲೇ ಇರುವ ಸೂರಶೆಟ್ಟಿಕೊಪ್ಪದಲ್ಲಿ 1990ರ ದಶಕದ ಕೊನೆಗೆ ಬೈಫ್ ಸಂಸ್ಥೆ ರೈತರ ಜೊತೆ ಸೇರಿ ಹೊಲಹೊಲಗಳಲ್ಲಿ ಕೃಷಿಹೊಂಡ ಮಾಡಿಸಿತು. ಬಿಡಿಬಿಡಿ ಹೊಂಡಗಳಲ್ಲ. ಒಂದು ಹೊಂಡದ ಹೆಚ್ಚಿನ ನೀರು ಕಾಲುವೆಯಲ್ಲಿ ಕೆಳಗಿನ ಹೊಲದ ಹೊಂಡಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಹಳೆಯ ಕೆರೆಸರಣಿಯೇ ಸಣ್ಣದಾಗಿ ಮರಳಿ ಬಂದಂತೆ. ಬದುವಿನ ಮೇಲೆ ಮಾವು, ಗಿಡಗಂಟಿ. 2001ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ನಡೆದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಧಾರವಾಡವೂ ಒಂದಾಗಿತ್ತು. 2014ರಲ್ಲಿ ಬಂದ ಕೃಷಿ ಭಾಗ್ಯದಿಂದ ಎರೆ ಸೀಮೆಯಲ್ಲೂ ಹೊಂಡಗಳು ಬಂದವು. ಎರೆ ಮಣ್ಣು ತಾನೇ ನೀರು ಹಿಡಿಯುವುದರಿಂದ ಅಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಹಲವು ಕಡೆ ಬೇಕಾಗಲಿಲ್ಲ. ಹೊಂಡದ ನೀರಿನಿಂದ ಎರಡು ಸಲ ಹಾಯಿಸಿ ಕಡಲೆ ಉಳಿಸಿಕೊಂಡವರ ಮಾತು ಕೇಳಿದರೆ, ತಂಬೂರ ಸೀಮೆಯ ಭತ್ತದ ಕೆರೆಗಳ ಲೆಕ್ಕವೇ ನೆನಪಾಗುತ್ತದೆ.

ನನ್ನ ಅಂಜಿಕೆ ಜೆಸಿಬಿ ಯಂತ್ರದ ಬಗ್ಗೆ. ಹೂಳೆತ್ತುವುದು ಬೇಡವೆಂದಲ್ಲ. ಕೆರೆಯ ಗೋಡು ಮಣ್ಣನ್ನು ಚಕ್ಕಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದ ಕಾಲದಲ್ಲಿ ಹೂಳೆತ್ತುವುದೂ ಗೊಬ್ಬರ ಹಾಕುವುದೂ ಒಂದೇ ಕೆಲಸವಾಗಿತ್ತು. ಈಗ ಹೂಳನ್ನು ಕೆರೆಯ ಸುತ್ತಲೇ ಗುಡ್ಡೆ ಹಾಕಿ, ಅದನ್ನೇ ದಾರಿಯಂತೆ ಮಟ್ಟ ಮಾಡಿ, ನಾಲ್ಕೂ ಕಡೆ ಏರಿ ಕಟ್ಟಿದ ಬಟ್ಟಲಿನಂಥ ಕೆರೆಗಳು ಅಲ್ಲಲ್ಲಿ ಕಾಣುತ್ತಿವೆ. ಕೆರೆಗೆ ಏರಿ ಇರಬೇಕಾದದ್ದು ತಗ್ಗಿನ ಕಡೆ ಮಾತ್ರ. ಮೇಲಿನ ಕಡೆ ತೆರೆದ ಅಂಗಳ, ನೀರು ಇಳಿದುಬರುವ ದಾರಿ. ಅಲ್ಲಿಯೂ ಮಣ್ಣು ಹಾಕಿದರೆ ಬರುವ ನೀರು ಕೆರೆಯನ್ನು ಸುತ್ತು ಹಾಕಿ ಹೊರಟುಹೋಗುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಮಲ್ಲನಗೌಡನ ಕೆರೆಯನ್ನು ಮತ್ತೆ ಕಟ್ಟಿದಂತೆ.

ಹೂಳೆತ್ತುವ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಯಂತ್ರ ಬೇಕಾಗಿಲ್ಲ. ಕಂದಾಯ ದಾಖಲೆಗಳಲ್ಲಿ ಕೆರೆಗೆ ಸರ್ವೆ ನಂಬರ್ ಇದೆ, ವಿಸ್ತೀರ್ಣವಿದೆ. ಕೆರೆಗೆ ನೀರು ಯಾವ ಯಾವ ಹೊಲ ದಾಟಿ ಬರುತ್ತದೆ, ಕೋಡಿಯ ಕಲ್ಲು ಯಾವ ಮಟ್ಟದಲ್ಲಿತ್ತು, ಕೋಡಿ ಬಿದ್ದ ನೀರು ಯಾವ ಊರಿನ ಕೆರೆಗೆ ಸೇರಬೇಕು ಎಂಬುದು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಪಂಚಾಯತಿಯ ಹುಡುಗನೊಬ್ಬ ಒಂದು ವಹಿ ಹಿಡಿದು, ದನ ಕಾಯುವ ಅಜ್ಜಂದಿರ ಜೊತೆ ಒಂದು ಮಳೆಗಾಲ ಕೆರೆಯ ಮೇಲೆ-ಕೆಳಗೆ ತಿರುಗಿದರೆ ಇದಿಷ್ಟೂ ಬರೆದುಕೊಳ್ಳಬಹುದು. ತಂಬೂರಿನ ಆ ಹಿರಿಯರು ನಾನು ಕೇಳದೆಯೇ ಕೋಡಿಯ ಕಡೆ ಕೋಲು ಚಾಚಿ, ನೀರು ಹೋಗುವ ದಾರಿಯನ್ನು ಯಾರ ಹೊಲದ ಬದಿಗೆ, ಯಾವ ಮಾವಿನ ಮರದ ಕೆಳಗೆ ಎಂದು ಹಳ್ಳದವರೆಗೂ ಹೇಳಿ ಮುಗಿಸಿದರು. ಅವರು ಹೇಳಿದ ಮರಗಳಲ್ಲಿ ಎರಡು ಈಗ ಇಲ್ಲ.